ಬೆಳಗಿನ ಆರೂವರೆಯ ಬೆರಳುಗಳು

ಕೆಸರೆ, ಮೈಸೂರು
2 ಡಿಸೆಂಬರ್ 2024

ಲಕ್ಷ್ಮೀನರಸಿಂಹ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನನ್ನ ಗಂಡನನ್ನು ನೋಡಿದ್ದೀರಿ. ನಿಮ್ಮ ರಾಮಕೃಷ್ಣನಗರದ ಪಾರ್ಕಿನಲ್ಲಿ ಹುಲ್ಲು ಕತ್ತರಿಸುವ ಮಷಿನ್ ಹಿಡಿಯುತ್ತಿದ್ದ ರೇವಣಸಿದ್ದ ಅವರೇ. ನವೆಂಬರ್ ಹದಿನೆಂಟರಂದು ನೀವು ಗುತ್ತಿಗೆದಾರ ನಾಗೇಂದ್ರ ಅವರಿಗೆ ದೂರು ಬರೆದಿರಿ. ನಾಗೇಂದ್ರ ಅದರ ಜೆರಾಕ್ಸ್ ಪ್ರತಿಯನ್ನು ನಮ್ಮವರ ಕೈಗೆ ಕೊಟ್ಟು, ನಾಳೆಯಿಂದ ಬರಬೇಡ ಅಂದರು. ಕೆಳಗೆ ನಿಮ್ಮ ಹೆಸರು, ವಿಳಾಸ ಎಲ್ಲ ಅಚ್ಚುಕಟ್ಟಾಗಿತ್ತು.

ನೀವು ಬರೆದದ್ದು ನನಗೆ ಬಾಯಿಪಾಠ ಆಗಿದೆ. "ಈ ದಿನ ಬೆಳಗ್ಗೆ ಆರೂವರೆಗೆ ನಿಮ್ಮ ಕೆಲಸಗಾರನು ಪಾನಮತ್ತನಾಗಿ ಯಂತ್ರದ ಹಿಡಿತ ತಪ್ಪಿಸಿಕೊಂಡಿದ್ದರಿಂದ ಅದರ ಅಲಗು ಕಲ್ಲುಬೆಂಚಿಗೆ ಬಡಿದು ಚೂರು ನನ್ನ ಕನ್ನಡಕಕ್ಕೆ ಸಿಡಿಯಿತು. ನಂತರ ಟೀ ಲೋಟವನ್ನು ಹಿಡಿಯಲಾರದೆ ಬೀಳಿಸಿದನು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಆತನಿಂದ ಆಗಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದನು."

ನಮ್ಮವರು ಕುಡಿಯುವುದಿಲ್ಲ. ಅವರ ಅಪ್ಪ ಕುಡಿದೇ ಸತ್ತವರು. ಆ ಕಾರಣಕ್ಕೆ ಇವರು ಮದುವೆಮನೆಯಲ್ಲೂ ಮುಟ್ಟಲ್ಲ. ನಮ್ಮ ಅತ್ತೆ ಭಾಗ್ಯಮ್ಮನಿಗೆ ಓದು ಬಾರದು. ಕಾಗದದಲ್ಲಿ ಏನಿದೆ ಅಂತ ಕೇಳಿದರು, ಹೇಳಿದೆ. "ನನ್ ಗಂಡನ್ನ ಹೊತ್ಕೊಂಡ್ ಬಂದು ಬಾಗ್ಲಲ್ಲಿ ಹಾಕ್ತಿದ್ರಲ್ಲ, ಆ ಮಾತಾ ನನ್ ಮಗನ್ ಮ್ಯಾಲೆ?" ಅಂದವರು ಎರಡು ದಿನ ಊಟ ಮುಟ್ಟಲಿಲ್ಲ.

ಮೂರೇ ಮೂರು ಕೇಳುತ್ತೇನೆ. ನೀವು ಎಷ್ಟು ದೂರದಲ್ಲಿ ನಿಂತಿದ್ದಿರಿ? ವಾಸನೆ ಬಂತೇ? ಅವರನ್ನು ಮಾತಾಡಿಸಿದಿರಾ?

ನಾನು ಮೇಟಗಳ್ಳಿ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಕಾಗದ ಬರೆದು ಅಭ್ಯಾಸವಿಲ್ಲ. ಆದರೆ ನೀವು ಕಾಗದದಲ್ಲಿ ಮಾಡಿದ್ದನ್ನು ಕಾಗದದಲ್ಲೇ ಕೇಳಬೇಕು ಅನ್ನಿಸಿತು.

ಸೌಮ್ಯ
ರೇವಣಸಿದ್ದ ಅವರ ಹೆಂಡತಿ


ರಾಮಕೃಷ್ಣನಗರ
6 ಡಿಸೆಂಬರ್ 2024

ಶ್ರೀಮತಿ ಸೌಮ್ಯ ಅವರಿಗೆ,

ನಿಮ್ಮ ಪತ್ರ ನಿನ್ನೆ ತಲುಪಿತು. ನಲವತ್ತೈದು ವರ್ಷಗಳಿಂದ ಪತ್ರಿಕೆಗಳಿಗೂ ಕಚೇರಿಗಳಿಗೂ ದೂರು ಬರೆಯುತ್ತ ಬಂದಿದ್ದೇನೆ. ಒಡೆದ ಚರಂಡಿ, ಉರಿಯದ ದೀಪ, ಕಡಿದ ಮರ. ಪ್ರತಿಯೊಂದರ ನಕಲು ಕಪಾಟಿನಲ್ಲಿದೆ. ದೂರಿನ ಇನ್ನೊಂದು ತುದಿಯಲ್ಲಿದ್ದವರು ನನಗೆ ಪತ್ರ ಬರೆದದ್ದು ಇದೇ ಮೊದಲು.

ನಿಮ್ಮ ಪ್ರಶ್ನೆಗಳಿಗೆ ಉತ್ತರ ಇಷ್ಟು: ಹತ್ತು ಹೆಜ್ಜೆ ದೂರದಲ್ಲಿದ್ದೆ. ವಾಸನೆ ಬರಲಿಲ್ಲ. ಮಾತಾಡಿಸಲಿಲ್ಲ.

ಮೊದಲು ನನಗೆ ಸಿಟ್ಟೇ ಬಂತು. ಕನ್ನಡಕದ ಗಾಜು ಬಿರುಕುಬಿಟ್ಟದ್ದು ಸುಳ್ಳಲ್ಲವಲ್ಲ ಎಂದುಕೊಂಡೆ. ಕಣ್ಣಿಗೇ ಬಡಿದಿದ್ದರೆ? ಹಾಗೆಂದು ಅರ್ಧ ಪುಟ ಉತ್ತರ ಬರೆದು, ನನ್ನ ದೂರಿನ ನಕಲನ್ನು ಮತ್ತೆ ಓದಿ, ಆ ಅರ್ಧ ಪುಟವನ್ನು ಹರಿದುಹಾಕಿದೆ. ದೂರಿನಲ್ಲಿ ನಾನು ಕಣ್ಣಾರೆ ಕಂಡ ಸಂಗತಿಗಳು ನಾಲ್ಕು. ಕಾಣದೆ ಸೇರಿಸಿದ ಪದ ಒಂದು: ಪಾನಮತ್ತ. ಭೌತಶಾಸ್ತ್ರ ಪಾಠ ಮಾಡಿದವನು ನಾನು. ಪ್ರಯೋಗದ ವರದಿಯಲ್ಲಿ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಪುಸ್ತಕ ಎಸೆದುಬಿಡುತ್ತಿದ್ದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕುಡಿಯದ ಮನುಷ್ಯ ಲೋಟ ಯಾಕೆ ಬೀಳಿಸಿದ? ದಯವಿಟ್ಟು ಇದನ್ನು ಸಮಜಾಯಿಷಿ ಎಂದು ತಿಳಿಯಬೇಡಿ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿದೆ. ಕೈಯಿಂದ ವಸ್ತು ಬೀಳುವುದು ಎಂದಿನಿಂದ? ಬೆಳಗ್ಗೆಯೇ ಹೆಚ್ಚೇ? ಯಾವ ಬೆರಳು ಮೊದಲು? ಬೆರಳಿನ ಬಣ್ಣ ಬದಲಾಗುತ್ತದೆಯೇ? ಹುಲ್ಲಿನ ಯಂತ್ರಕ್ಕೆ ಮುಂಚೆ ಏನು ಕೆಲಸ ಮಾಡುತ್ತಿದ್ದರು? ಬೀಡಿ ಸೇದುತ್ತಾರೆಯೇ?

ಫೋನ್ ಮಾಡಿ ಕೇಳೋಣವೆಂದರೆ ನನಗೆ ಕಿವಿ ಕೇಳುವುದಿಲ್ಲ. ಎದುರಿಗಿದ್ದು ಗಟ್ಟಿಯಾಗಿ ಹೇಳಿದರೆ ಸ್ವಲ್ಪ. ಫೋನಿನಲ್ಲಿ ಏನೂ ಇಲ್ಲ. ಆದ್ದರಿಂದ ನನಗೂ ಕಾಗದವೇ ಗತಿ.

ಲಕ್ಷ್ಮೀನರಸಿಂಹ


ಕೆಸರೆ
13 ಡಿಸೆಂಬರ್ 2024

ಸರ್,

ನೀವು ಒಪ್ಪಿಕೊಂಡು ಬರೆಯುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಉತ್ತರ ಬರೆಯೋಣ ಅಂದರೆ ನಮ್ಮವರು, "ಕೆಲ್ಸನೇ ಹೋಯ್ತು, ಇನ್ನ ಬೆರ್ಳಿನ್ ಪುರಾಣ ಯಾಕೆ? ಬುಡು" ಅಂದರು. ಅವರನ್ನು ಕೂರಿಸಿ ಒಂದೊಂದೇ ಕೇಳಿ ಬರೆದಿದ್ದೇನೆ.

ಮೊದಲು ಆರು ವರ್ಷ ಕೇಬಲ್ ಹಾಕಲು ರಸ್ತೆ ಒಡೆಯುವ ಬ್ರೇಕರ್ ಮಷಿನ್. ಆಮೇಲೆ ಐದು ವರ್ಷ ನಾಗೇಂದ್ರ ಅವರ ಹತ್ತಿರ ಹುಲ್ಲಿನ ಮಷಿನ್, ಬೇಲಿಗಿಡ ಕತ್ತರಿಸುವ ಮಷಿನ್. ಬ್ರೇಕರ್ ಹಿಡಿದು ಮೂರನೇ ವರ್ಷಕ್ಕೇ ಸಂಜೆ ಕೈ ಜೋಮು ಹಿಡಿಯುತ್ತಿತ್ತಂತೆ. ಎಲ್ಲರಿಗೂ ಹಿಡಿಯುತ್ತೆ. ಅದನ್ನು 'ಮಷಿನ್ ಜೋಮು' ಅಂತಾರೆ. ಮಷಿನ್ ಹಿಡಿದವನಿಗೆ ಜೋಮು ಬರಲಿಲ್ಲ ಅಂದರೆ ಅವನು ಕೆಲಸ ಕದಿಯುತ್ತಾನೆ ಅಂತ ಉಳಿದವರು ರೇಗಿಸುತ್ತಾರಂತೆ. ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿಕೊಳ್ಳುತ್ತಾರೆ. ಆಗ ಹಿಡಿಕೆ ದಪ್ಪ ಆಗುತ್ತೆ, ಇನ್ನೂ ಬಿಗಿಯಾಗಿ ಹಿಡೀಬೇಕು.

ಮೂರು ಚಳಿಗಾಲದಿಂದ ಬೆಳಗ್ಗೆ ಬೆರಳು ಬೆಳ್ಳಗಾಗುತ್ತವೆ. ಬಲಗೈ ಉಂಗುರದ ಬೆರಳಿನ ತುದಿ ಮೊದಲು. ಈಗ ಆ ಕೈಯಲ್ಲಿ ಹೆಬ್ಬೆರಳು ಬಿಟ್ಟು ಎಲ್ಲವೂ, ಎಡಗೈಯಲ್ಲಿ ಮೂರು. ಗೆರೆ ಎಳೆದ ಹಾಗೆ ಅಲ್ಲಿಯವರೆಗೆ ಸುಣ್ಣ, ಇತ್ತ ಕಡೆ ಅವರ ಬಣ್ಣ. ಅರ್ಧ ಗಂಟೆ ಬಿಸಿಲು ತಾಗಿದರೆ ನೀಲಿ, ಕೆಂಪು ಆಗಿ, ಉರಿದು ಸರಿಹೋಗುತ್ತೆ. ಬೀಡಿ ದಿನಕ್ಕೆ ನಾಲ್ಕೈದು.

ಇನ್ನೊಂದು ನೀವು ಕೇಳದ ವಿಷಯ. ಹೋದ ತಿಂಗಳು ಬಿಸಿ ಮುದ್ದೆ ಮುರಿದು ತುತ್ತು ಕಟ್ಟುತ್ತಿದ್ದರು. ಕೈ ಸುಟ್ಟು ಬೊಬ್ಬೆ ಎದ್ದಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾನು ಕೈ ಹಿಡಿದು ಎಳೆದೆ.

ದೂರು ಬಂದ ಮೇಲೆ ಡಾಕ್ಟರ ಹತ್ತಿರ ಹೋಗಿದ್ದೆವು. ನನಗೆ ಅರ್ಧ ದಿನ ರಜೆ ಸಿಕ್ಕಿದ್ದು ಮಧ್ಯಾಹ್ನ. ಬಿಸಿಲಿನಲ್ಲಿ ನಡೆದುಹೋದೆವು. ಕೈ ತಿರುಗಿಸಿ ನೋಡಿ, "ಚೆನ್ನಾಗಿದೆಯಲ್ಲ, ಏನೂ ಇಲ್ಲ" ಅಂದರು. ನಾಗೇಂದ್ರ ಈಗ ಜನವರಿ ಐದರೊಳಗೆ ಕುಡಿತ ಅಲ್ಲ ಅಂತ ಡಾಕ್ಟರ ಕಾಗದ ತರಬೇಕು, ಇಲ್ಲದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಅಂದಿದ್ದಾರೆ. ಏನೂ ಇಲ್ಲ ಅಂತ ಬರೆದುಕೊಡುವ ಡಾಕ್ಟರ ಕಾಗದ ತಗೊಂಡು ಹೋದರೆ ಕುಡುಕ ಅನ್ನುವುದು ಗಟ್ಟಿ ಆಯಿತಲ್ಲ?

ಈಗ ನನಗೂ ಒಂದು ಪ್ರಶ್ನೆ. ನಾನೂ ಹತ್ತು ವರ್ಷದಿಂದ ಹೊಲಿಗೆ ಮಷಿನ್ ಮುಂದೆ ಕೂತವಳು. ಅದೂ ಅದುರುತ್ತೆ. ನನ್ನ ಕೈ ಯಾಕೆ ಹೀಗಾಗಿಲ್ಲ?

ಸೌಮ್ಯ


ರಾಮಕೃಷ್ಣನಗರ
17 ಡಿಸೆಂಬರ್ 2024

ಸೌಮ್ಯ ಅವರಿಗೆ,

ನಿಮ್ಮ ಕೊನೆಯ ಪ್ರಶ್ನೆ ಇಡೀ ವಿಷಯದ ಬಾಗಿಲು. ಹೊಲಿಗೆ ಯಂತ್ರ ಅದುರುತ್ತದೆ, ಆದರೆ ನೀವು ಅದನ್ನು ಹಿಡಿದಿರುವುದಿಲ್ಲ. ಬಟ್ಟೆಯನ್ನು ಮುಂದೆ ತಳ್ಳುತ್ತೀರಿ. ನಿಮ್ಮ ಯಜಮಾನರು ಅದುರುವುದನ್ನೇ ಎರಡೂ ಕೈಯಿಂದ ಅಮುಕಿ ಹಿಡಿದಿರಬೇಕು. ಬಿಗಿಯಾಗಿ ಹಿಡಿದಷ್ಟೂ ನಡುಕ ಯಂತ್ರದಿಂದ ಕೈಗೆ ಹರಿಯುತ್ತದೆ. ಸೈಕಲ್ ಟ್ಯೂಬ್ ಉಪಕಾರ ಮಾಡಿದಂತೆ ಕಂಡು ಅಪಕಾರವನ್ನೇ ಮಾಡಿರಬಹುದು.

ನಾಲ್ಕು ದಿನ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಚಳಿ ಬಿದ್ದರೆ ಎಲ್ಲರ ಬೆರಳಿನ ರಕ್ತನಾಳಗಳೂ ಸ್ವಲ್ಪ ಮುದುಡುತ್ತವೆ. ವರ್ಷಗಟ್ಟಲೆ ಅದುರಿದ ಬೆರಳಿನಲ್ಲಿ ಅವು ನಲ್ಲಿ ತಿರುಗಿಸಿದ ಹಾಗೆ ಮುಚ್ಚಿಕೊಂಡುಬಿಡುತ್ತವೆ. ಸುಣ್ಣದ ಗೆರೆ ಅದೇ. ನರಗಳೂ ಕೆಡುತ್ತವೆ, ಆಗ ಗುಂಡಿ, ಲೋಟ, ಬಿಸಿ, ತಣ್ಣಗೆ ಯಾವುದೂ ತಿಳಿಯುವುದಿಲ್ಲ. ನನಗೆ ಹೊಟ್ಟೆ ಉರಿದದ್ದು ಎಲ್ಲಿ ಗೊತ್ತೇ? ನೂರು ವರ್ಷಕ್ಕೂ ಹಿಂದೆ ಅಮೆರಿಕದ ಸುಣ್ಣಕಲ್ಲಿನ ಗಣಿಯೊಂದಕ್ಕೆ ವೈದ್ಯೆಯೊಬ್ಬರು ಚಳಿಗಾಲದಲ್ಲೇ ಹೋಗಿ, ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆ ಹಿಡಿದವರ ಬಿಳಿ ಬೆರಳುಗಳನ್ನು ನೋಡಿ ವಿವರವಾಗಿ ಬರೆದಿದ್ದಾರೆ. ನೂರು ವರ್ಷ! ನನ್ನ ಅಜ್ಜ ಹುಡುಗನಾಗಿದ್ದಾಗ ಜಗತ್ತಿಗೆ ಗೊತ್ತಿದ್ದ ವಿಷಯ ನನ್ನ ಪಾರ್ಕಿನ ಬೆಂಚಿನವರೆಗೆ ಬಂದಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಕಾಲೇಜಿನ ತೋಟಕ್ಕೆ ಜವರಯ್ಯ ಎಂಬ ಮಾಲಿ ಇದ್ದ. ಉದ್ದನೆಯ ಕತ್ತರಿಯಿಂದ ಇಡೀ ಬೇಲಿ ಸವರುತ್ತಿದ್ದ. ಎಪ್ಪತ್ತು ದಾಟಿದ ಮೇಲೂ ಸೂಜಿಗೆ ತಾನೇ ದಾರ ಪೋಣಿಸುತ್ತಿದ್ದ. ಅವನ ಕತ್ತರಿಯ ಸದ್ದು ತರಗತಿಯೊಳಗೆ ಕೇಳಿಸುತ್ತಿತ್ತು.

ಇದರ ಜೊತೆ ಒಂದು ವಸ್ತು ಕಳಿಸುತ್ತಿದ್ದೇನೆ. ಎರಡು ಕವಲಿನ ಕಬ್ಬಿಣ. ಶ್ರುತಿಕವೆ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಟ್ಯೂನಿಂಗ್ ಫೋರ್ಕ್, ಶಾಲೆಯಲ್ಲಿ ನೀವೂ ನೋಡಿರಬಹುದು. ನಿವೃತ್ತನಾದ ದಿನ ಪ್ರಯೋಗಶಾಲೆಯವರು ನೆನಪಿಗೆಂದು ಕೊಟ್ಟದ್ದು. ರಬ್ಬರ್ ಚಪ್ಪಲಿಯ ಅಟ್ಟೆಗೆ ಕವಲನ್ನು ಬಡಿದು, ಹಿಡಿಕೆಯ ತುದಿಯನ್ನು ಒಂದೊಂದೇ ಬೆರಳ ತುದಿಗೆ ಇಡಿ. ಅವರು ಕಣ್ಣು ಮುಚ್ಚಿರಬೇಕು. ಅದುರುವುದು ಗೊತ್ತಾಗುತ್ತದೆಯೇ, ಎಲ್ಲಿಯವರೆಗೆ ಎಂದು ಕೇಳಿ. ನಡುವೆ ಒಂದೆರಡು ಸಲ ಬಡಿಯದೆ ಸುಮ್ಮನೆ ಇಡಿ. ಆಗಲೂ ಅದುರುತ್ತಿದೆ ಎಂದರೆ ಆ ಉತ್ತರವನ್ನು ನಂಬಬೇಡಿ. ಹೋಲಿಸಲು ನಿಮ್ಮ ಬೆರಳಿಗೂ ಅತ್ತೆಯವರ ಬೆರಳಿಗೂ ಇಡಿ.

ಇದರ ನಾದ ನನಗೆ ಕೇಳಿಸದೆ ಆರು ವರ್ಷವಾಯಿತು. ಬೆರಳಿಗೆ ಇಟ್ಟುಕೊಂಡರೆ ಮಾತ್ರ ತಿಳಿಯುತ್ತದೆ. ಈಗೀಗ ಕಿವಿಯ ಕೆಲಸವನ್ನು ಬೆರಳಿಂದ ಮಾಡಿಸಿಕೊಳ್ಳುತ್ತಿದ್ದೇನೆ.

ಲಕ್ಷ್ಮೀನರಸಿಂಹ


ಕೆಸರೆ
22 ಡಿಸೆಂಬರ್ 2024

ಮೇಷ್ಟ್ರೇ,

ನಿಮ್ಮ ಕವೆ ಬಂತು. ಅತ್ತೆ ಮೊದಲು ಅದನ್ನು ದೇವರ ಮುಂದೆ ಇಟ್ಟುಬಿಟ್ಟರು, ಪೂಜೆ ಸಾಮಾನು ಅಂದುಕೊಂಡು. ನಾನು ತೆಗೆದು ಚಪ್ಪಲಿಗೆ ಬಡಿದೆ ನೋಡಿ, ಆಗ ಆಗಿದ್ದು ಗಲಾಟೆ. "ಎಂಥ ಹೆಂಗ್ಸಮ್ಮಿ ನೀನು, ದೇವರ್ ಮುಂದೆ ಇಟ್ಟಿದ್ದಕ್ಕೆ ಚಪ್ಲೀಲಿ ಹೊಡೀತಿಯಲ್ಲ!"

ಅವರ ಬೆರಳಿಗೇ ಮೊದಲು ಇಟ್ಟೆ. ಕೈ ಎಳೆದುಕೊಂಡರು. "ಅಯ್ಯಯ್ಯೋ, ಜೇನ್ನೊಣ ಸೇರ್ಕೊಂಡದೆ ಕಣಮ್ಮಿ ಒಳ್ಗೆ!" ಆಮೇಲೆ ಬಿಡಲೇ ಇಲ್ಲ. ಮೊಣಕೈಗೆ, ಗದ್ದಕ್ಕೆ, ಹಣೆಗೆ ಇಡಿಸಿಕೊಂಡು ನಕ್ಕರು. ಆ ಕಾಗದ ಬಂದ ಮೇಲೆ ಅವರು ನಕ್ಕಿದ್ದು ಅವತ್ತೇ. ನನಗೂ ಇಟ್ಟುಕೊಂಡೆ. ಇಪ್ಪತ್ತು ಎಣಿಸುವವರೆಗೂ ಗುಂಯ್ ಅಂತ ಇರುತ್ತೆ.

ನಮ್ಮವರು ಕಣ್ಣು ಮುಚ್ಚಿ ಕೂತರು. ಬಲಗೈ ಉಂಗುರದ ಬೆರಳಿಗೆ ಇಟ್ಟೆ. ನಾನು ಎಣಿಸುತ್ತಾ ಹೋದೆ. ಹನ್ನೆರಡು ಆದಾಗ ಅವರು, "ಇಡಮ್ಮಿ ಬೇಗ, ಕಾಲು ಜೋಮು ಬತ್ತಾ ಅದೆ" ಅಂದರು.

"ಇಟ್ಟಾಯ್ತಲ್ಲ" ಅಂದೆ.

ಕಣ್ಣು ಬಿಟ್ಟು ನೋಡಿದರು. ಕವೆ ಅವರ ಬೆರಳ ಮೇಲೇ ಇತ್ತು, ಇನ್ನೂ ಅದುರುತ್ತಿತ್ತು. ಅತ್ತೆಯ ನಗು ನಿಂತುಹೋಯಿತು.

ಬಲಗೈಯಲ್ಲಿ ಹೆಬ್ಬೆರಳಿಗೆ ಸ್ವಲ್ಪ. ಉಳಿದ ನಾಲ್ಕಕ್ಕೂ ಇಲ್ಲ. ಎಡಗೈಯಲ್ಲಿ ಹೆಬ್ಬೆರಳು ಸ್ವಲ್ಪ, ತೋರು, ನಡು, ಉಂಗುರ ಮೂರೂ ಇಲ್ಲ. ಕೊನೆಗೆ ಎಡಗೈ ಕಿರುಬೆರಳು. ಅಲ್ಲಿಟ್ಟ ಕೂಡಲೇ, "ಊಂ, ಅದೆ ಅದೆ" ಅಂದರು. ನೀವು ಹೇಳಿದ ಹಾಗೆ ಬಡಿಯದೆಯೂ ಇಟ್ಟೆ. ಇಲ್ಲ ಅಂದರು. ಮೂರು ಸಲ ಮೋಸ ಮಾಡಿದೆ, ಮೂರು ಸಲವೂ ಅವರು ಮೋಸ ಹೋಗಲಿಲ್ಲ. ಆಮೇಲೆ ಅವರೇ ಕೇಳಿ ಕೇಳಿ ಆ ಕಿರುಬೆರಳಿಗೆ ಇಡಿಸಿಕೊಂಡರು.

"ನಾನ್ ಇಷ್ಟ್ ದಿನ ಹುಸಾರಾಗಿ ಹಿಡ್ಕೊಬೇಕು, ಹುಸಾರಾಗಿ ಹಿಡ್ಕೊಬೇಕು ಅಂತ ನಂಗ್ ನಾನೇ ಬಯ್ಕೊತಿದ್ದೆ ಕಣೆ" ಅಂದರು.

ಇದು ವಾಸಿ ಆಗುತ್ತಾ ಮೇಷ್ಟ್ರೇ? ಒಂದೇ ಮಷಿನ್ ಹಿಡಿದ ಇಬ್ಬರಲ್ಲಿ ಒಬ್ಬನಿಗೆ ಬೇಗ, ಇನ್ನೊಬ್ಬನಿಗೆ ತಡ ಯಾಕೆ? ಕಿರುಬೆರಳು ಹೇಗೆ ತಪ್ಪಿಸಿಕೊಂಡಿತು?

ಸೌಮ್ಯ


ರಾಮಕೃಷ್ಣನಗರ
26 ಡಿಸೆಂಬರ್ 2024

ಸೌಮ್ಯ ಅವರಿಗೆ,

ನಿಮ್ಮಂಥ ವಿದ್ಯಾರ್ಥಿ ನನಗೆ ಮೂವತ್ತೆರಡು ವರ್ಷದಲ್ಲಿ ನಾಲ್ಕೈದು ಜನ ಸಿಕ್ಕಿರಬಹುದು. ಪ್ರಯೋಗ ನಿರ್ದುಷ್ಟವಾಗಿದೆ.

ವಾಸಿಯ ಬಗ್ಗೆ: ಯಂತ್ರ ಬಿಟ್ಟರೆ ಬೆರಳು ಬಿಳುಚುವುದು ಕಾಲಕ್ರಮೇಣ ಕಡಿಮೆಯಾಗಬಹುದು. ಬೀಡಿಯನ್ನೂ ಬಿಡಬೇಕು. ಸತ್ತ ಸ್ಪರ್ಶ ಮರಳುವುದು ಕಷ್ಟ. ಯಂತ್ರ ಹಿಡಿದೇ ಇದ್ದರೆ ಉಳಿದ ಬೆರಳೂ ಹೋಗುತ್ತವೆ. ಕಿರುಬೆರಳು ಹೇಗೆ ಉಳಿಯಿತೋ ನನಗೆ ಗೊತ್ತಿಲ್ಲ. ಎಡಗೈ ಹಿಡಿಯುವಾಗ ಅದು ಹಿಡಿಕೆಯ ಆಚೆಗೆ ಚಾಚಿಕೊಂಡಿರುತ್ತಿತ್ತೇ? ಕೇಳಿ ನೋಡಿ.

ಈಗ ಮುಖ್ಯ ವಿಷಯ. ನೀವು ವೈದ್ಯರಲ್ಲಿಗೆ ಹೋದದ್ದು ತಪ್ಪಲ್ಲ, ಹೋದ ಹೊತ್ತು ತಪ್ಪು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಕೈಗಳು ಸುಳ್ಳು ಹೇಳುತ್ತವೆ. ನಮ್ಮ ರಸ್ತೆಯ ಕೊನೆಯಲ್ಲಿ ಡಾಕ್ಟರ್ ಪ್ರೇಮಲೀಲಾ ಇದ್ದಾರೆ, ನನ್ನ ಹಳೆಯ ವಿದ್ಯಾರ್ಥಿನಿ. ನಿಮ್ಮ ಪತ್ರಗಳನ್ನು ಅವರಿಗೆ ತೋರಿಸಿದೆ, ಕ್ಷಮಿಸಿ. ಹೊಸ ವರ್ಷದ ಮಾರನೆಯ ದಿನ ಬೆಳಗ್ಗೆ ಆರೂವರೆಗೆ ಷಟರ್ ತೆಗೆದಿರುತ್ತೇನೆ ಎಂದಿದ್ದಾರೆ. ಕೆಸರೆಯಿಂದ ಸ್ಕೂಟರಿನಲ್ಲಿ ಬನ್ನಿ. ನಿಮ್ಮ ಯಜಮಾನರು ಕೈಗವಸು ಹಾಕಿಕೊಳ್ಳುವುದು ಬೇಡ. ಹೀಗೆ ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ಆ ಬಿಳುಪನ್ನು ವೈದ್ಯರು ಕಣ್ಣಾರೆ ನೋಡಬೇಕು.

ನಾಗೇಂದ್ರ ಅವರಿಗೆ ದೂರು ಹಿಂತೆಗೆದುಕೊಂಡು ಬರೆದ ಪತ್ರದ ಪ್ರತಿ ಇದರೊಂದಿಗಿದೆ. ಪತ್ರಿಕೆಗೂ ಕಳಿಸಿದ್ದೇನೆ. ಅವರು ಹಾಕುತ್ತಾರೋ ಇಲ್ಲವೋ, ದೂರಿಗೆ ಇರುವಷ್ಟು ಜಾಗ ತಪ್ಪೊಪ್ಪಿಗೆಗೆ ಇರುವುದಿಲ್ಲ.

ಹಳೆಯ ನಕಲುಗಳನ್ನು ತಿರುವುವಾಗ ಒಂದು ಸಿಕ್ಕಿತು. 2009ರ ಜುಲೈ. "ಪಾರ್ಕಿನಲ್ಲಿ ಹುಲ್ಲು ಆಳೆತ್ತರ ಬೆಳೆದಿದೆ. ಇನ್ನೂ ಕತ್ತರಿ ಹಿಡಿದು ಕೂರುವುದು ಯಾವ ಶತಮಾನದ ರೀತಿ? ಬೇರೆ ನಗರಗಳಂತೆ ಯಂತ್ರ ತರಲಿ." ಸಹಿ ನನ್ನದೇ. ಎಲ್ಲರ ತಪ್ಪನ್ನೂ ಇಸವಿಯ ಸಮೇತ ನೆನಪಿಟ್ಟುಕೊಂಡವನಿಗೆ ಇದೊಂದು ಮರೆತುಹೋಗಿತ್ತು. ಯಂತ್ರ ತರಲಿ ಎಂದೆ. ಅದನ್ನು ಹಿಡಿಯುವ ಕೈ ಯಾರದು, ದಿನಕ್ಕೆ ಎಷ್ಟು ಹೊತ್ತು ಎಂದು ಒಂದು ಸಾಲೂ ಕೇಳಿಲ್ಲ.

ಲಕ್ಷ್ಮೀನರಸಿಂಹ


ಕೆಸರೆ
6 ಜನವರಿ 2025

ಲಕ್ಷ್ಮೀನರಸಿಂಹ ಅವರಿಗೆ,

ಎರಡನೇ ತಾರೀಖು ಬೆಳಗ್ಗೆ ಶಟರ್ ಹತ್ತಿರ ನೀವು ಶಾಲು ಹೊದ್ದುಕೊಂಡು ನಿಂತಿದ್ದನ್ನು ನೋಡಿದೆ. ಗಾಡಿಯಿಂದ ಇಳಿಯುವಾಗ ನಮ್ಮವರ ಬೆರಳು ಸೀಮೆಸುಣ್ಣದ ಹಾಗಿದ್ದವು. ಡಾಕ್ಟರು ಫೋಟೋ ತೆಗೆದರು, ಬೆರಳು ಅಮುಕಿದರು, ಗುಂಡಿ ಬಿಚ್ಚಿಸಿ ಹಾಕಿಸಿದರು. ಆಮೇಲೆ ನಿಮ್ಮ ದೂರಿನ ಜೆರಾಕ್ಸ್ ಕೇಳಿ ತಗೊಂಡು ಎರಡು ಸಲ ಓದಿದರು. "ನಮ್ ಮೇಷ್ಟ್ರು ಎಷ್ಟ್ ಚೆನ್ನಾಗಿ ನೋಡಿದಾರೆ ನೋಡಮ್ಮ. ಕೈಬಿಟ್ಟಿದ್ದು, ಲೋಟ, ಗುಂಡಿ, ಕಂಕುಳು. ಕಾಯಿಲೆ ಅಷ್ಟೂ ಇಲ್ಲೇ ಇದೆ. ಆ ಒಂದ್ ಪದ ಬಿಟ್ರೆ ನಾನೂ ಇದನ್ನೇ ಬರೀತಿದ್ದೆ" ಅಂದರು. ನಿಮಗೆ ಕೇಳಿಸಿರಲಿಕ್ಕಿಲ್ಲ. ಅದಕ್ಕೇ ಬರೆದೆ.

ಕಾಗದ ಕೊಟ್ಟರು. ಕುಡಿತದಿಂದ ಅಲ್ಲ, ಯಂತ್ರದ ಅದುರುವಿಕೆಯಿಂದ, ಇನ್ನು ಮುಂದೆ ಇಂಥ ಯಂತ್ರ ಹಿಡಿಯಬಾರದು ಅಂತ. ಮಾರನೇ ದಿನ ನಾಗೇಂದ್ರ ಅವರ ಹತ್ತಿರ ಹೋದೆವು. ನಿಮ್ಮ ಪತ್ರವೂ ಅವರ ಮೇಜಿನ ಮೇಲಿತ್ತು. ಎರಡನ್ನೂ ಓದಿದರು.

"ಕುಡ್ದಿರ್ಲಿಲ್ಲ ಅನ್ನೋದು ಒಪ್ಕೊತೀನಿ ಕಣಮ್ಮ. ನಂಗೂ ಬೇಜಾರಾಯ್ತು. ಆದ್ರೆ ಡಾಕ್ಟ್ರೇ ಬರ್ದವ್ರಲ್ಲ, ಮಷಿನ್ ಹಿಡೀಬಾರ್ದು ಅಂತ. ನನ್ ಹತ್ರ ಇರೋದೆಲ್ಲ ಮಷಿನ್ ಕೆಲ್ಸನೇ. ನಾಳೆ ಇವನ್ ಕೈ ಇನ್ನೂ ಕೆಟ್ರೆ ಯಾರ್ ಜವಾಬ್ದಾರಿ?"

ಮುಗಿಯಿತು. ಕುಡುಕ ಅಂತ ಕೆಲಸ ಹೋಗಿತ್ತು, ಈಗ ಕುಡುಕ ಅಲ್ಲ ಅಂತ ಹೋಯಿತು. ಮೊದಲಾದರೂ ಸಿಟ್ಟು ಇಳಿದ ಮೇಲೆ ಕರೆಯುತ್ತಾರೆ ಅನ್ನುವ ಆಸೆ ಇತ್ತು. ಮಧ್ಯಾಹ್ನದ ಡಾಕ್ಟರ ಮಾತನ್ನೇ ನಂಬಿ ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ. ನೀವು ಕೇಳಿದಿರಿ, ನಾನೂ ಕುತೂಹಲ ಅಂತ ಕೇಳುತ್ತಾ ಹೋದೆ. ತಿಳಿದುಕೊಂಡು ಏನು ಬಂತು?

ನಿಮ್ಮ ಕವೆ ವಾಪಸು ಕಳಿಸೋಣ ಅಂದರೆ ಅದು ಮನೆಯಲ್ಲಿಲ್ಲ. ನಮ್ಮವರು ಬೆಳಗ್ಗೆ ಜೇಬಲ್ಲಿ ಹಾಕಿಕೊಂಡು ಎಲ್ಲಿಗೋ ಹೋಗುತ್ತಾರೆ. ಕೇಳಿದರೆ ಹೇಳಲ್ಲ.

ಸೌಮ್ಯ


ರಾಮಕೃಷ್ಣನಗರ
10 ಜನವರಿ 2025

ಸೌಮ್ಯ ಅವರಿಗೆ,

ನಿಮ್ಮ ಪತ್ರ ಓದಿ ನಾಗೇಂದ್ರ ಅವರ ಕಚೇರಿಗೆ ನಾನೇ ಹೋಗಿದ್ದೆ. ಅವರು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಬರೆದುಕೊಡಿ ಎಂದೆ. ಕುರ್ಚಿಯಿಂದ ಎದ್ದು ಬಾಗಿಲು ತೋರಿಸಿದರು. ಅದು ಅರ್ಥವಾಯಿತು.

ಕವೆ ಅಲ್ಲೇ ಇರಲಿ.

ಲಕ್ಷ್ಮೀನರಸಿಂಹ


ರಾಮಕೃಷ್ಣನಗರ
31 ಜನವರಿ 2025

ಸೌಮ್ಯ ಅವರಿಗೆ,

ಮೂರು ವಾರದಿಂದ ನಿಮ್ಮ ಪತ್ರವಿಲ್ಲ. ಬರೆಯಲೇಬೇಕೆಂದಿಲ್ಲ. ಪಾರ್ಕಿನ ಕಡೆ ಹೋಗುವುದನ್ನು ಬಿಟ್ಟಿದ್ದೇನೆ. ಕಿರುಬೆರಳು ಹೇಗಿದೆ ಎಂಬುದೊಂದನ್ನು ಒಂದು ಕಾರ್ಡಿನಲ್ಲಿ ತಿಳಿಸಿದರೆ ಸಾಕು.

ಲಕ್ಷ್ಮೀನರಸಿಂಹ


ಕೆಸರೆ
20 ಫೆಬ್ರವರಿ 2025

ಮೇಷ್ಟ್ರಿಗೆ ರೇವಣಸಿದ್ದನ ನಮಸ್ಕಾರ.

ಅಕ್ಷರ ಸೊಟ್ಟಗಿದೆ, ಓದಿಕೊಳ್ಳಿ. ಪೆನ್ನಿಗೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ. ಶುರು ಮಾಡಿ ಇವತ್ತಿಗೆ ನಾಲ್ಕನೇ ದಿನ. ಸೌಮ್ಯ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ.

ಬೆಳಗ್ಗೆ ಆರು ಗಂಟೆಗೆ ಕೆಸರೆ ರಸ್ತೆಯ ಟೀ ಅಂಗಡಿ ಹತ್ತಿರ ನಾಗೇಂದ್ರ ಅವರ ಟೆಂಪೊ ಬರುತ್ತೆ. ಮಷಿನ್ ಹಿಡಿಯುವವರು ನನ್ನನ್ನು ಸೇರಿಸಿ ಹನ್ನೊಂದು ಜನ. ನಾನು ಕವೆ ತಗೊಂಡು ಅಲ್ಲಿಗೆ ಹೋಗುತ್ತಿದ್ದೆ. ಮೊದಲ ದಿನ ನಕ್ಕರು. "ಏನ್ಲಾ ರೇವಣ್ಣ, ಸಂಗೀತ ಕಲಿಯಾಕ್ ಸೇರ್ಕೊಂಡಾ?" ಅಂತ. ಗೊತ್ತಾಗುವವರಿಗೆ ಗೊತ್ತಾಗದವರು ಟೀ ಕೊಡಿಸಬೇಕು ಅಂತ ಆಟ ಆಯಿತು. ಮೂರು ದಿನಕ್ಕೆ ಆಟ ನಿಂತಿತು. ನನ್ನ ಬಿಟ್ಟು ಇನ್ನೂ ಐದು ಜನರಿಗೆ ಒಂದಲ್ಲ ಒಂದು ಬೆರಳಿನಲ್ಲಿ ಇಲ್ಲ. ಇಬ್ಬರ ಬೆರಳು ಅಲ್ಲೇ ಬೆಳ್ಳಗಿದ್ದವು, ಜೇಬಲ್ಲಿ ಇಟ್ಟುಕೊಂಡಿದ್ದರು.

ಹುಚ್ಚಯ್ಯಣ್ಣ ನಮ್ಮಲ್ಲಿ ದೊಡ್ಡವರು, ಹದಿನಾಲ್ಕು ವರ್ಷದಿಂದ ಮಷಿನ್ ಹಿಡಿದವರು. ಯಾವತ್ತೂ ಜೋಮು ಅಂದವರಲ್ಲ. ಒಂದು ತಿಂಗಳು ತಪ್ಪಿಸಿಕೊಂಡು ತಿರುಗಿದರು. ಕೊನೆಗೆ ಒಂದು ದಿನ, "ತತ್ತಾ ಇಲ್ಲಿ, ನಿಮ್ಮಂಗ್ ಹೆಣ್ಗನಾ ನಾನು?" ಅಂತ ಕೈ ಚಾಚಿ ಕಣ್ಣು ಮುಚ್ಚಿದರು. ಇಟ್ಟೆ. "ಊಂ, ಅದುರ್ತಾ ಅದೆ ಬುಡು, ಜೋರಾಗೇ ಅದೆ" ಅಂದರು.

ನಾನು ಬಡಿದೇ ಇರಲಿಲ್ಲ ಮೇಷ್ಟ್ರೇ.

ಯಾರೂ ನಗಲಿಲ್ಲ. ಅವರು ಕಣ್ಣು ಬಿಟ್ಟು ನಮ್ಮ ಮುಖ ನೋಡಿದರು. ಟೀ ಲೋಟವನ್ನು ಎರಡೂ ಅಂಗೈ ಮಧ್ಯೆ ಒತ್ತಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಆಮೇಲೆ, "ನಾಕ್ ವರ್ಸದಿಂದ ನನ್ ಎಂಡ್ರು ಅಂಗಿ ಗುಂಡಿ ಆಕ್ತಾವ್ಳೆ ಕಣ್ಲಾ. ಯಾರ್ಗೂ ಯೋಳ್ಬೇಡ್ರಿ" ಅಂದರು. ಲೋಟ ಕೆಳಗಿಟ್ಟು ಅವರೇ, "ಅಲ್ಲ, ಯೋಳನ ನಡೀರ್ಲಾ" ಅಂತ ಎದ್ದರು.

ಹನ್ನೊಂದು ಜನವೂ ನಾಗೇಂದ್ರ ಅವರ ಹತ್ತಿರ ಹೋದೆವು. ಹುಚ್ಚಯ್ಯಣ್ಣನೇ ಮುಂದೆ. "ಸ್ವಾಮಿ, ರೇವಣಸಿದ್ದನ್ ಕೈ ಕೆಟ್ಟದೆ ಅಂತ ತಗ್ದಿದ್ರಿ. ಸರಿ. ನನ್ನೂ ತಗೀರಿ. ಇವನ್ನೂ, ಇವನ್ನೂ. ಏಳ್ ಜನ. ಉಳ್ದ ನಾಕ್ ಜನ ಮೂರ್ ಪಾರ್ಕು ಎಂಗ್ ಮಾಡ್ತಾರೋ ನೋಡನ. ಅವ್ರ್ ಕೈ ಕೆಟ್ಮೇಲೆ ಯಾರ್ನ ತರ್ತೀರಿ?" ಅಂದರು. ನಾಗೇಂದ್ರ ರೇಗಾಡಿದರು. ಯಾರು ನಿಮಗೆ ಇದನ್ನೆಲ್ಲ ತಲೆಗೆ ತುಂಬಿದ್ದು ಅಂದರು. ನಾನು ಕವೆ ಬಡಿದು ಅವರ ಬೆರಳಿಗೆ ಇಟ್ಟೆ. ಕೈ ಹಿಂದಕ್ಕೆ ಎಳೆದುಕೊಂಡರು, ನಮ್ಮವ್ವನ ಹಾಗೆಯೇ. "ನಿಮ್ಗೆ ಗೊತ್ತಾಯ್ತಲ್ಲ ಸ್ವಾಮಿ, ಅದು ನಮ್ಗೆ ಗೊತ್ತಾಗಲ್ಲ" ಅಂದೆ. ಅವರು ತಮ್ಮ ಬೆರಳನ್ನೇ ನೋಡಿಕೊಂಡು ಕೂತರು.

ಐದು ದಿನ ಬಿಟ್ಟು ಕರೆದರು. ಮಷಿನ್ ಈಗ ಯಾರೂ ಒಂದು ಸಲಕ್ಕೆ ಅರ್ಧ ಗಂಟೆ ಮೇಲೆ ಹಿಡಿಯಲ್ಲ, ಕೈ ಬದಲಾಯಿಸುತ್ತೇವೆ. ಬೇಲಿಗಿಡಕ್ಕೆ ಉದ್ದ ಕತ್ತರಿ ತರಿಸಿದ್ದಾರೆ. ಕೈ ಪೂರ್ತಿ ಕೆಟ್ಟಿರುವ ನನಗೂ ಹುಚ್ಚಯ್ಯಣ್ಣನಿಗೂ ಸಸಿ ಬೆಳೆಸುವ ಕಡೆ ಕೆಲಸ, ಮಣ್ಣು ತುಂಬೋದು, ನೀರು ಹಾಕೋದು. ಉಳಿದ ಐದು ಜನರಿಗೆ ಮಷಿನ್ ಬಿಟ್ಟು ಬೇರೆ ಕೆಲಸ ಇಲ್ಲ ಅಂದರು. ಅವರನ್ನು ಡಾಕ್ಟರಮ್ಮನಿಗೆ ತೋರಿಸಬೇಕು, ಬೆಳಗ್ಗೆ ಆರೂವರೆಗೇ. ಅದಕ್ಕೆ ನೀವು ಅವರಿಗೆ ಒಂದು ಮಾತು ಹೇಳಬೇಕು.

ಬೀಡಿ ಬಿಟ್ಟು ಇಪ್ಪತ್ತೆರಡು ದಿನ. ಅವ್ವ ಪ್ರತಿ ಸೋಮವಾರ ಕವೆ ಇಟ್ಟು ಪರೀಕ್ಷೆ ಮಾಡುತ್ತೆ, ಚಪ್ಪಲಿಗೆ ಬಡಿಯದೆ ತನ್ನ ಮೊಣಕಾಲಿಗೆ ಬಡಿದುಕೊಂಡು. ಎಡಗೈ ಕಿರುಬೆರಳಿಗೆ ಇನ್ನೂ ಕೇಳಿಸುತ್ತೆ. ನೀವು ಹೇಳಿದ್ದು ಸರಿ, ಅದು ಹಿಡಿಕೆಯ ಆಚೆಗೆ ಇರುತ್ತಿತ್ತು. ಟ್ಯೂಬು ಸುತ್ತಿದ ಮೇಲೆ ಅದಕ್ಕೆ ಜಾಗ ಸಾಲುತ್ತಿರಲಿಲ್ಲ.

ಪಾರ್ಕಿಗೆ ಬನ್ನಿ ಮೇಷ್ಟ್ರೇ. ಆ ಬೆಂಚಿನ ಹತ್ತಿರದ ಬೇಲಿಯನ್ನು ಈಗ ಕತ್ತರಿಯಲ್ಲೇ ಸವರುತ್ತಾರೆ.

ಇದರ ಜೊತೆ ನಿಮ್ಮ ದೂರಿನ ಜೆರಾಕ್ಸ್ ಇಟ್ಟಿದ್ದೇನೆ. ದೂರು ವಾಪಸು ತಗೊಂಡು ನೀವು ಬೇರೆ ಪತ್ರ ಬರೆದಿದ್ದೀರಿ, ಗೊತ್ತು. ಆದರೆ ನಮ್ಮ ಮನೆಯಲ್ಲಿ ಇಷ್ಟು ದಿನ ಇದ್ದ ಕಾಗದ ಇದು. ಇದನ್ನು ಎಸೆಯಬೇಡಿ, ಡಾಕ್ಟರಮ್ಮ ಮೆಚ್ಚಿದ ಕಾಗದ ಅಂತಾಳೆ ಸೌಮ್ಯ. ಆ ಒಂದು ಪದ ಹೊಡೆದುಹಾಕಿ ಇಟ್ಟುಕೊಳ್ಳೋಣ ಅಂತ ಪೆನ್ನು ಹಿಡಿದೆ. ಗೆರೆ ನೆಟ್ಟಗೆ ಬರಲಿಲ್ಲ, ಪಕ್ಕದ ಪದಕ್ಕೂ ಹೋಗುತ್ತೆ ಅಂತ ಭಯವಾಗಿ ನಿಲ್ಲಿಸಿದೆ.

ನಿಮ್ಮ ಕೈ ನೆಟ್ಟಗಿದೆ. ನೀವೇ ಹೊಡೆದುಹಾಕಿ ಕಳಿಸಿಕೊಡಿ. ಅವ್ವನಿಗೆ ತೋರಿಸಬೇಕು.

ರೇವಣಸಿದ್ದ